ಹಿತ್ತಲ ಬಾಗಿಲಿಗೆ ಗೋಡೆ ಕಟ್ಟಿದ ವರ್ಷ

ನಮ್ಮ ಮನೆಗೆ ಕಳ್ಳ ಎಂದೂ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದೆಲ್ಲ ಕಳ್ಳನ ಹೆಸರಿನಲ್ಲೇ ನಡೆದದ್ದು. ಕಳ್ಳ ಬಂದದ್ದು ನಮ್ಮ ಹಿಂದಿನ ಓಣಿಯ ಅಕ್ಕಸಾಲಿ ಪತ್ತಾರರ ಮನೆಗೆ. ಬಾಗಿಲು ಭದ್ರ ಮಾಡಿದ್ದು ನಮ್ಮಪ್ಪ. ಆ ಭದ್ರವನ್ನು ಅನುಭವಿಸಿದವಳು ನಮ್ಮವ್ವ. ನನಗೀಗ ಮಂಡಿನೋವು, ಸಕ್ಕರೆ ಕಾಯಿಲೆ, ಮೊಮ್ಮಕ್ಕಳು ಎಲ್ಲ ಬಂದಾಗಿದೆ. ವಯಸ್ಸಾದ ಮೇಲೆ ಸಿಟ್ಟು ತಾನಾಗಿಯೇ ಇಳಿಯುತ್ತದೆ ಎಂದು ನನಗೆ ಬುದ್ಧಿ ಹೇಳುವವರು ಬಹಳ ಜನ ಇದ್ದಾರೆ. ಅವರ್‍ಯಾರನ್ನೂ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಹೊರಗಿನಿಂದ ಬೀಗ ಹಾಕಿ ಕೂರಿಸಿದ್ದಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಕುರುಗೋಡಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಗೋಡೆ ಕಲ್ಲಿನದು, ಒಂದು ಮೊಳಕ್ಕೂ ಹೆಚ್ಚು ದಪ್ಪ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ದೇವರ ಕೋಣೆ, ಅಡುಗೆ ಮನೆ, ಬಚ್ಚಲು, ಕಟ್ಟಕಡೆಗೆ ಹಿತ್ತಲ ಬಾಗಿಲು. ಮುಂಬಾಗಿಲು ಅಪ್ಪನದು, ಅಪ್ಪನನ್ನು ನೋಡಲು ಬರುವವರದು. ನಾವು ಹೆಂಗಸರು ಬದುಕಿದ್ದೆಲ್ಲ ಹಿತ್ತಲ ಬಾಗಿಲಿನಲ್ಲಿ. ಪಕ್ಕದ ಮನೆಯ ಗಂಗಮ್ಮತ್ತೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬರುತ್ತಿದ್ದದ್ದು ಅಲ್ಲಿಂದ. ಪುಂಡಿಪಲ್ಲೆ ಸೊಪ್ಪಿನ ಕಟ್ಟು ಒಳಗೆ ಬರುತ್ತಿದ್ದದ್ದು, ಬಿಸಿ ರೊಟ್ಟಿ ಹೊರಗೆ ಹೋಗುತ್ತಿದ್ದದ್ದು ಅಲ್ಲಿಂದ. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾಕೆ ಹೋದಳು ಎಂಬ ಸುದ್ದಿ ಬರುತ್ತಿದ್ದದ್ದೂ ಅಲ್ಲಿಂದಲೇ. ಬಯಲಿಗೆ ಹೋಗಬೇಕೆಂದರೆ ಬೆಳಕು ಹರಿಯುವ ಮುಂಚೆ ತಂಬಿಗೆ ಹಿಡಿದು ಆ ಬಾಗಿಲಿನಿಂದ ಇಳಿದು ಜಾಲಿ ಗಿಡಗಳ ಮರೆಗೆ ಹೋಗುತ್ತಿದ್ದೆವು. ಗಂಡಸರ ಕಣ್ಣಿಗೆ ಬೀಳದೆ ಹೋಗಿ ಬರುವುದಕ್ಕೆ ಊರಲ್ಲಿ ನಮಗಿದ್ದ ಒಂದೇ ದಾರಿ ಅದು. ಅವ್ವ ರೊಟ್ಟಿ ಬಡಿದು ಮುಗಿಸಿ, ಆ ಹೊಸ್ತಿಲ ಪಕ್ಕ ಗೋಡೆಗೆ ಬೆನ್ನು ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂರುತ್ತಿದ್ದಳು. ಅವಳು ನಗುತ್ತಿದ್ದದ್ದನ್ನು ನಾನು ನೋಡಿದ್ದರೆ ಅಲ್ಲಿಯೇ.

ಪತ್ತಾರರ ಮನೆಗೆ ಕಳ್ಳರು ಕನ್ನ ಹಾಕಿದ್ದರು. ಬಾಗಿಲವಾಡದ ಪಕ್ಕದ ಗೋಡೆ ಕೊರೆದು, ಆ ತೂತಿನಲ್ಲಿ ಕೈ ತೂರಿಸಿ, ಒಳಗಿನ ಅಗಳಿ ಸರಿಸಿ ಬಾಗಿಲು ತೆಗೆದಿದ್ದರಂತೆ. ಬೆಳಗಾದ ಮೇಲೆ ಊರಿಗೆ ಊರೇ ಆ ತೂತು ನೋಡಲು ಹೋಯಿತು. ನನ್ನನ್ನೂ ಅಪ್ಪ ಕರೆದುಕೊಂಡು ಹೋದ. ಪತ್ತಾರರ ಹೆಂಡತಿ ಒಳಗೆ ಅಳುತ್ತಿದ್ದಳು. ಅಪ್ಪ ಅವಳಿಗೆ ಸಮಾಧಾನ ಹೇಳಲಿಲ್ಲ. ಅಂಗಿಯ ತೋಳು ಮೇಲೇರಿಸಿ, ತೂತಿನಲ್ಲಿ ತನ್ನ ಕೈಯನ್ನು ಭುಜದವರೆಗೂ ಇಳಿಸಿ, ಕಳ್ಳನ ಕೈ ಎಲ್ಲಿಯವರೆಗೆ ಎಟಕುತ್ತದೆ ಎಂದು ಅಳತೆ ನೋಡಿದ. ಆ ಹೊತ್ತಿಗೆ ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಹುರುಪು ಇತ್ತು. ಮನೆಗೆ ಬಂದವನೇ ಬಡಗಿ ಮೌನೇಶಪ್ಪನಿಗೂ ಕಮ್ಮಾರ ಈರಣ್ಣನಿಗೂ ಹೇಳಿ ಕಳಿಸಿದ.

ಎಂಟು ದಿನ ಮನೆಯಲ್ಲಿ ಸುತ್ತಿಗೆಯ ಸದ್ದೋ ಸದ್ದು. ಮುಂಬಾಗಿಲಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ, ಅದರ ಮೇಲೆ ನಾಣ್ಯದಷ್ಟು ದಪ್ಪ ತಲೆಯ ಮೊಳೆಗಳು. ಕಿಟಕಿಗಳಿಗೆ ಸರಳು. ಮಾಳಿಗೆಯ ಬೆಳಕಿಂಡಿಗೂ ಕಬ್ಬಿಣದ ಜಾಳಿಗೆ, ಕಳ್ಳನೇನು, ಬೆಕ್ಕೂ ಇಳಿಯದ ಹಾಗೆ. ಕೊನೆಗೆ ಉಳಿದದ್ದು ಬಾಗಿಲ ಬುಡದ ಚಿಲಕ. ಅಗಳಿ, ಮೇಲಿನ ಚಿಲಕ ಎಲ್ಲ ಗೋಡೆ ಕೊರೆದ ಕೈಗೆ ಎಟಕುತ್ತವೆ, ಬಾಗಿಲ ನಟ್ಟನಡುವೆ ಕೆಳಗೆ ಹೊಸ್ತಿಲಿಗೆ ಇಳಿಯುವ ಒಂದು ಕಬ್ಬಿಣದ ಗೂಟ ಇದ್ದರೆ ಎಂಥ ಕಳ್ಳನ ಕೈಯೂ ಮುಟ್ಟುವುದಿಲ್ಲ ಎಂದು ಅಪ್ಪ ಲೆಕ್ಕ ಹಾಕಿದ್ದ. ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೆ ಹೊಸ್ತಿಲಿಗೆ ಒಂದು ತೂತು ಕೊರೆಯಬೇಕಿತ್ತು, ಅಷ್ಟೆ. ಮೌನೇಶಪ್ಪ ಉಳಿ ತೆಗೆದದ್ದೇ ತಡ, ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದ ಅಜ್ಜಿ, ಅಪ್ಪನ ತಾಯಿ, ಎದ್ದು ಬಂದು ಹೊಸ್ತಿಲ ಮೇಲೆ ಎರಡೂ ಕೈ ಊರಿ ಕೂತುಬಿಟ್ಟಳು.

“ದಿನಾ ಅರಿಷಿಣ ಕುಂಕುಮ ಹಚ್ಚೋ ಜಾಗಕ್ಕ ಉಳಿ ಹಚ್ತಿಯೇನೋ? ಹೊಸ್ತಿಲಿಗೆ ತೂತು ಹಾಕೋದಾದ್ರ ಮೊದ್ಲು ನನ್ನ ಈ ಮನಿಯಿಂದ ಹೊರಗ ಹಾಕು.”

ಮೌನೇಶಪ್ಪನೂ ಉಳಿ ಕೆಳಗಿಟ್ಟ. ಈ ಬಾಗಿಲವಾಡ ಕೂರಿಸಿದವರು ತನ್ನ ಅಪ್ಪ, ಅಂದು ಪೂಜೆ ಮಾಡಿ ಕೂರಿಸಿದ್ದನ್ನು ಇಂದು ತಾನು ಕೊರೆಯುವುದು ಆಗದ ಮಾತು ಎಂದ. ರೊಟ್ಟಿ ತಣ್ಣಗಿದೆ ಎಂದು ಗಂಗಾಳ ಎತ್ತಿ ಒಗೆಯುತ್ತಿದ್ದ ಅಪ್ಪ, ಹೊಸ್ತಿಲಿನ ಮುಂದೆ ಕೈ ಕಟ್ಟಿ ನಿಂತು, ಆಯ್ತು ಬಿಡು ಎಂದ. ಅಜ್ಜಿಯ ಭಕ್ತಿಯನ್ನು ನಾನು ಆಡಿಕೊಳ್ಳುತ್ತಿಲ್ಲ. ಆದರೆ ಆ ಮರದ ತುಂಡಿಗೆ ನೋವಾಗಬಾರದು ಎಂದು ಅಷ್ಟು ಜನ ಯೋಚಿಸಿದರಲ್ಲ, ಅದರಲ್ಲಿ ಕಾಲುಪಾಲು ಮರ್ಯಾದೆ ನಮ್ಮವ್ವನಿಗೆ ಆ ಮನೆಯಲ್ಲಿ ಸಿಗಲಿಲ್ಲ. ಒಳಗೆ ಚಿಲಕ ಹಾಕಲು ಬರದಿದ್ದರೆ ಹೊರಗೆ ಹಾಕುತ್ತೇನೆ ಎಂದು ಅಪ್ಪ ತೀರ್ಮಾನಿಸಿದ. ಈರಣ್ಣ ಹೊರಗಡೆ ಕೈಹೆಬ್ಬೆರಳು ದಪ್ಪದ ಕೊಂಡಿ ಬಡಿದ. ಬಳ್ಳಾರಿಯಿಂದ ಅಂಗೈ ಅಗಲದ ಹಿತ್ತಾಳೆ ಬೀಗ ಬಂತು. ರಾತ್ರಿ ಅಪ್ಪ ಬಾಗಿಲಿಗೆ ಅಡ್ಡ ಹಾಸಿಕೊಂಡು ಮಲಗುವುದು, ಹಗಲು ಅವನು ಪೇಟೆಯ ಬಟ್ಟೆ ಅಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ. ಒಳಗೆ ಜನ ಇದ್ದಾರಲ್ಲ ಎಂದು ಅವ್ವ ಕೇಳಿದ್ದಕ್ಕೆ, ಅದಕ್ಕೇ ಬೀಗ ಎಂದ. ಪತ್ತಾರರ ಮನೆಗೆ ಹಿಂದಿನ ದಿನ ಯಾರೋ ನೀರು ಕೇಳಿಕೊಂಡು ಬಂದಿದ್ದರಂತೆ, ಹೆಂಗಸರು ಬಾಗಿಲು ತೆಗೆದು ಕೊಟ್ಟಿದ್ದರಂತೆ, ಮನೆಯ ಒಳಗು ನೋಡಿಕೊಂಡದ್ದು ಹಾಗೇ ಅಂತೆ. ಅಂತೆಕಂತೆಯ ಮೇಲೆ ನಮ್ಮ ಮೇಲೆ ಬೀಗ ಬಿತ್ತು.

ಹಿತ್ತಲ ಬಾಗಿಲು ಇರುವವರೆಗೆ ಅದೂ ನಡೆದುಕೊಂಡು ಹೋಗುತ್ತಿತ್ತು. ಆದರೆ ಹಿತ್ತಲ ಬಾಗಿಲು ಹಳೆಯ ಬೇವಿನ ಹಲಗೆಯದು, ಒಂದು ಒದೆಗೆ ಬೀಳುವಂಥದ್ದು. ಅದನ್ನು ಭದ್ರ ಮಾಡುವ ಬದಲು ಅಪ್ಪ ಅದನ್ನು ಕಿತ್ತುಹಾಕಿಸಿ ಇಟ್ಟಿಗೆಯಲ್ಲಿ ಮುಚ್ಚಿಸಿದ. ಗೌಂಡಿ ಒಬ್ಬನೇ ಬಂದಿದ್ದ, ಮಣ್ಣು ತುಳಿದು ಕಲಸಿ ಕೊಟ್ಟವಳು ಅವ್ವ. ತನ್ನ ಬಾಗಿಲಿಗೆ ತಾನೇ ಮಣ್ಣು ಹೊತ್ತಳು. ಒಳಗೆ ಇಟ್ಟಿಗೆಗೆ ಮಣ್ಣು, ಮೇಲೆ ತೆಳ್ಳಗೆ ಸಿಮೆಂಟು. ಅಲ್ಲಿಯೂ ಅಜ್ಜಿ ಹೊಸ್ತಿಲು ಕೀಳಲು ಬಿಡಲಿಲ್ಲ, ಅದನ್ನು ಹಾಗೇ ಇಟ್ಟು ಅದರ ಒಳಬದಿಗೆ ಗೋಡೆ ಏಳಿಸಿದರು. ಅಂದಿನಿಂದ ನೀರು ತರುವುದು, ಬಯಲಿಗೆ ಹೋಗುವುದು ಎಲ್ಲ ಅಪ್ಪ ಅಂಗಡಿಗೆ ಹೊರಡುವುದರೊಳಗೆ, ಮುಂಬಾಗಿಲಿನಿಂದ, ಕಟ್ಟೆಯ ಮೇಲೆ ಕೂತ ಗಂಡಸರ ಮುಂದೆ ತಂಬಿಗೆ ಸೆರಗಿನಲ್ಲಿ ಮುಚ್ಚಿಕೊಂಡು. ಮಧ್ಯಾಹ್ನ ಅಪ್ಪ ಊಟಕ್ಕೆ ಬಂದರೆ ಒಂದು ತಾಸು ಬಾಗಿಲು ತೆರೆದಿರುತ್ತಿತ್ತು, ಮತ್ತೆ ಬೀಗ. ಅವ್ವ ಹಗಲು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ನನ್ನದೂ ಒಂದು ಪಾಲು ಇದೆ, ಅದನ್ನು ಮುಚ್ಚಿಡುವುದಿಲ್ಲ. ದಿನಾ ಬೆಳಿಗ್ಗೆ ನಾನು ಪುಸ್ತಕದ ಚೀಲ ಹಿಡಿದು ಅಪ್ಪನ ಜೊತೆಗೇ ಮನೆಯಿಂದ ಹೊರಬೀಳುತ್ತಿದ್ದೆ. ಅಪ್ಪ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ನಾನು ಶಾಲೆಯ ದಾರಿ ಹಿಡಿಯುತ್ತಿದ್ದೆ. ಒಳಗೆ ಅವ್ವ ಪಾತ್ರೆ ತಿಕ್ಕುವ ಸದ್ದು ಸ್ವಲ್ಪ ದೂರ ಕೇಳಿಸುತ್ತಿತ್ತು. ಆಮೇಲೆ ಗೆಳತಿಯರು ಸಿಗುತ್ತಿದ್ದರು, ನಾನು ಮರೆತುಬಿಡುತ್ತಿದ್ದೆ.

ಹೀಗೆಯೇ ಎರಡು ವರ್ಷ ಕಳೆದು ನನ್ನ ಎಸ್ಸೆಸ್ಸೆಲ್ಸಿ ಬಂತು. ಅಪ್ಪನ ಮಾತು ಕಡ್ಡಿ ಮುರಿದ ಹಾಗೆ ಇತ್ತು, ಪಾಸಾದರೆ ಮುಂದಿನದು ನೋಡೋಣ, ಒಂದು ವಿಷಯ ಹೋದರೂ ಆ ವರ್ಷವೇ ಮದುವೆ. ಅವ್ವ ಕಲಿತದ್ದು ಎರಡನೇ ಇಯತ್ತೆ. ಯಾವ ದಿನ ಯಾವ ಪರೀಕ್ಷೆ ಎಂಬುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಟ್ಟು ಎಷ್ಟು ಎಂದು ಕೇಳಿಕೊಂಡು ಒಲೆಯ ಪಕ್ಕದ ಗೋಡೆಗೆ ಇದ್ದಿಲಿನಿಂದ ಅಷ್ಟು ಗೆರೆ ಎಳೆದಿದ್ದಳು. ನಾನು ಒಂದು ಬರೆದು ಬಂದರೆ ಒಂದು ಒರೆಸುತ್ತಿದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆಯೇ ಹೇಳಿದಳು:

“ನೀ ಟೀಚರ್ ಆಗು, ಶರಣಿ. ಟೀಚರಮ್ಮನ್ನ ಯಾರೂ ಒಳಗ ಹಾಕಿ ಕೀಲಿ ಜಡದು ಹೋಗಂಗಿಲ್ಲ.”

ಪರೀಕ್ಷೆ ನಮ್ಮೂರ ಹೈಸ್ಕೂಲಿನಲ್ಲೇ, ಮನೆಯಿಂದ ಹತ್ತು ನಿಮಿಷದ ದಾರಿ. ಪರೀಕ್ಷೆಯ ದಿನಗಳಲ್ಲಿ ಅಪ್ಪ ನಾನು ಹೊರಡುವವರೆಗೆ ಕಾದು ಆಮೇಲೆ ಬೀಗ ಹಾಕುತ್ತಿದ್ದ. ಲೆಕ್ಕದ ಪರೀಕ್ಷೆಯ ದಿನ ಅವನು ಅಂಗಡಿಗೆ ಹೋಗಲಿಲ್ಲ, ಬೆಳಿಗ್ಗೆ ಮೊದಲ ಬಸ್ಸು ಹಿಡಿದ. ನಾನು ಜಳಕ ಮಾಡುತ್ತಿದ್ದೆ, ಅವ್ವ ಒಲೆ ಹಚ್ಚುತ್ತಿದ್ದಳು. ಬೀಗ ಜಗ್ಗಿದ ಸದ್ದು ಎರಡು ಸಲ ಕೇಳಿಸಿತು. ಕೀಲಿಕೈ ಗಂಗಮ್ಮತ್ತೆಯ ಹತ್ತಿರ ಕೊಟ್ಟಿರುತ್ತಾನೆ ಎಂದುಕೊಂಡೆವು. ನಾನು ಉಂಡು, ಜಡೆ ಹಾಕಿಸಿಕೊಂಡು, ಕಂಪಾಸ್ ಪೆಟ್ಟಿಗೆ ಹಾಲ್ ಟಿಕೆಟ್ಟು ಹಿಡಿದು ನಿಂತ ಮೇಲೆ ಅವ್ವ ಕಿಟಕಿಯಿಂದ ಗಂಗಮ್ಮತ್ತೆಯನ್ನು ಕೂಗಿ ಕೇಳಿದಳು. ಅವಳಿಗೆ ಕೊಟ್ಟಿರಲಿಲ್ಲ. ಯಾರಿಗೂ ಕೊಟ್ಟಿರಲಿಲ್ಲ. ಪೇಟೆಯಲ್ಲಿ ಅಂಗಡಿಯೂ ಮುಚ್ಚಿತ್ತು. ಆಗ ದೇವರ ಕೋಣೆಯ ಬಾಗಿಲಲ್ಲಿ ಕೂತಿದ್ದ ಅಜ್ಜಿ ನಿಧಾನವಾಗಿ ಬಾಯಿ ಬಿಟ್ಟಳು:

“ಅಂವ ಸಿರುಗುಪ್ಪದ ಕಡೀಗಿ ಹೋಗ್ಯಾನ. ದೇಶನೂರಾಗ ಗಂಡು ಐತಂತ, ಕಾಲುವಿ ನೀರಿನ ಗದ್ದಿ ಇದ್ದೋರು. ಸಂಜೀಕ ಬರ್ತಾನ. ಇನ್ನ ಪರೀಕ್ಷಿ ಬರದು ಏನು ಆಗಬೇಕಾಗೈತಿ?”

ಅವ್ವ ಗಂಗಮ್ಮತ್ತೆಗೆ ಹೇಳಿ ಕಮ್ಮಾರ ಈರಣ್ಣನನ್ನು ಕರೆಸಿದಳು. ಈರಣ್ಣ ಸುತ್ತಿಗೆ, ಚಾಣ ಹಿಡಿದುಕೊಂಡೇ ಬಂದ. ಅವನ ಹಿಂದೆ ಕಟ್ಟೆಯ ಮೇಲಿನ ಗಂಡಸರೂ ಬಂದರು, ಏಳೆಂಟು ಜನ. ಬೀಗವನ್ನು ಮುಟ್ಟಿ ನೋಡಿದರು. ಒಬ್ಬ ಒಳ್ಳೆಯ ಬೀಗ ಎಂದು ಹೊಗಳಿದ. ಅವ್ವ ಕಿಟಕಿಯ ಸರಳು ಹಿಡಿದು, ಒಡೆಯಪ್ಪ, ನಾನೇ ಹೇಳುತ್ತಿದ್ದೇನೆ, ಒಡೆ ಎಂದಳು. ಈರಣ್ಣ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

“ಅವ್ರ ಕೀಲಿ ನಾ ಹೆಂಗ ಒಡೀಲಿ ತಾಯಿ? ನಾಳೆ ಏನರ ಹೋತಂದ್ರ ನನ್ನ ತಲೀಮ್ಯಾಲೆ ಬರ್ತೈತಿ. ಯಜಮಾನ್ರು ಒಂದು ಮಾತು ಹೇಳಬೇಕು.”

ಉಳಿದವರೂ ಹೌದು ಹೌದು ಎಂದರು. ಒಬ್ಬ ಮಾಳಿಗೆ ಹತ್ತಿ ಬೆಳಕಿಂಡಿ ನೋಡಿ ಬಂದು, ಜಾಳಿಗೆ ಬಹಳ ಗಟ್ಟಿ ಹಾಕಿಸಿದ್ದಾರೆ ಎಂದ. ಇನ್ನೊಬ್ಬ, ಮುಂದಿನ ವರ್ಷ ಬರೆದರಾಯಿತು ಬಿಡವ್ವ ಎಂದು ನನಗೇ ಸಮಾಧಾನ ಹೇಳಿದ. ಆ ಮಾತು ಆಡಿದವನ ಮುಖ ನನಗೆ ಇಂದಿಗೂ ನೆನಪಿದೆ. ಒಳಗೆ ಒಬ್ಬಳು ಹುಡುಗಿ ಅಳುತ್ತಿದ್ದಾಳೆ, ಅವಳ ತಾಯಿ ಕೈಮುಗಿಯುತ್ತಿದ್ದಾಳೆ, ಹೊರಗೆ ಬೀಗ ಒಡೆಯಲು ಬರುವವನು ಸುತ್ತಿಗೆ ಹಿಡಿದು ನಿಂತಿದ್ದಾನೆ. ಇಷ್ಟಿದ್ದೂ ಒಬ್ಬ ಗಂಡಸಿನ ಬೀಗಕ್ಕೆ ಇನ್ನೊಬ್ಬ ಗಂಡಸು ಕೈ ಹಚ್ಚಲಿಲ್ಲ. ಆ ಮನೆಯಲ್ಲಿ ಹದಿನೆಂಟು ವರ್ಷ ಒಲೆ ಊದಿದವಳ ಮಾತು ಯಜಮಾನರ ಮಾತಲ್ಲ. ಥೂ. ಶಾಲೆಯ ಮೊದಲ ಗಂಟೆ ಹೊಡೆದದ್ದು ನಮ್ಮ ಪಡಸಾಲೆಗೆ ಸ್ಪಷ್ಟವಾಗಿ ಕೇಳಿಸಿತು.

ಅವ್ವ ಕಿಟಕಿ ಬಿಟ್ಟಳು. ಪುಸ್ತಕ ನೋಡಿಕೊಳ್ಳುತ್ತ ಕೂಡು ಎಂದು ನನಗೆ ಹೇಳಿ ಒಳಗೆ ಹೋದಳು. ಬಚ್ಚಲ ಮೂಲೆಯಲ್ಲಿದ್ದ ಹಾರೆ ತಂದಳು, ಸೆರಗನ್ನು ಸೊಂಟಕ್ಕೆ ಬಿಗಿದಳು, ಹಿತ್ತಲ ಬಾಗಿಲು ಇದ್ದ ಜಾಗದಲ್ಲಿ ಗೋಡೆಗೆ ಹಾರೆಯಿಂದ ಹೊಡೆದಳು. ಮೊದಲ ನಾಲ್ಕೈದು ಏಟಿಗೆ ಸಿಮೆಂಟಿನ ಚಕ್ಕೆ ಎದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಆ ಗೋಡೆಯ ಮಣ್ಣು ಅವಳ ಕಾಲೇ ತುಳಿದದ್ದು. ಎಡಗಡೆ ಕೆಳಗೆ, ಮಣ್ಣು ಸಾಲದೆ ಗೌಂಡಿ ಬರೀ ಜಲ್ಲಿ ತುರುಕಿದ್ದ ಜಾಗ ಅವಳಿಗೆ ಗೊತ್ತಿತ್ತು. ಅಲ್ಲಿಗೆ ಕೊಡ ಕೊಡ ನೀರು ಸುರಿದಳು. ಬೆಳಿಗ್ಗೆ ಹೊತ್ತು ತಂದಿದ್ದ ಅಷ್ಟೂ ನೀರು. ಸಂದಿಗೆ ಹಾರೆ ಹಾಕಿ ಮೀಟಿದಳು. ಒಂದು ಇಟ್ಟಿಗೆ ಬಂತು. ನಾನು ಪುಸ್ತಕ ಒಗೆದು ಬಂದು ಕೈಯಿಂದ ಕೆದರಲು ಹೋದರೆ, ಬರೆಯುವ ಕೈ, ಹಿಂದಕ್ಕೆ ಸರಿ ಎಂದು ಗದರಿದಳು. ಅಷ್ಟರಲ್ಲಿ ಆಚೆ ಕಡೆಯಿಂದಲೂ ಗುದ್ದಲಿ ಸದ್ದು ಬಂತು. ಗಂಗಮ್ಮತ್ತೆ. ಅವಳು ಯಾರನ್ನೂ ಕೇಳಿರಲಿಲ್ಲ. ಇಬ್ಬರೂ ಈಚೆ ಆಚೆ ನಿಂತು ಉಸಿರು ಬಿಡುತ್ತ ಹೊಡೆದರು. ಗಂಡಸರು ಮಾತ್ರ ಮುಂದಿನ ಕಟ್ಟೆ ಬಿಟ್ಟು ಹಿತ್ತಲಿಗೆ ಬರಲಿಲ್ಲ. ಎರಡನೇ ಗಂಟೆಯೂ ಹೊಡೆಯಿತು, ಇಬ್ಬರ ಕೈಯೂ ನಿಲ್ಲಲಿಲ್ಲ. ನಾನು ತೂರುವಷ್ಟು ತೂತು ಆಯಿತು. ನಾನು ಕೆಸರಿನಲ್ಲಿ ಹೊಟ್ಟೆಯ ಮೇಲೆ ತೆವಳುತ್ತಿದ್ದಾಗ ಅಜ್ಜಿ ಹಿಂದೆ ಬಂದು ನಿಂತು ಹೇಳಿದ್ದು ಒಂದೇ ಮಾತು:

“ಹೊಸ್ತಿಲಾ ತುಳೀಬ್ಯಾಡ.”

ಕಂಪಾಸ್ ಪೆಟ್ಟಿಗೆ, ಹಾಲ್ ಟಿಕೆಟ್ಟು, ಪೆನ್ನು ಒಂದೊಂದೇ ಆ ತೂತಿನಿಂದ ಅವ್ವನ ಕೈಯಲ್ಲಿ ಬಂದವು. ಆ ಕೈಯಲ್ಲಿ ಬಳೆ ಒಡೆದು ರಕ್ತ ಬಂದಿತ್ತು. ನಾನು ಓಡಿದೆ. ಲಂಗ ದಾವಣಿ ಎಲ್ಲ ಕೆಸರು. ಪರೀಕ್ಷೆ ಕೋಣೆಯ ಬಾಗಿಲಲ್ಲಿದ್ದ ಮಾಸ್ತರರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಇನ್ನು ಎರಡು ನಿಮಿಷ ತಡವಾಗಿದ್ದರೆ ಬಿಡುತ್ತಿರಲಿಲ್ಲ ಎಂದು ಒಳಗೆ ಬಿಟ್ಟರು. ನಾನು ಲೆಕ್ಕ ಮಾಡುವಾಗ ಕೂದಲಿನಿಂದ ಮಣ್ಣು ಉತ್ತರ ಪತ್ರಿಕೆಯ ಮೇಲೆ ಉದುರುತ್ತಿತ್ತು, ಊದಿ ಊದಿ ಬರೆದೆ.

ಸಂಜೆ ಅಪ್ಪ ಬಂದ. ಬಾಗಿಲು ತೆಗೆದ, ಒಳಗೆ ಬಂದ, ತೂತು ನೋಡಿದ. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. ಪರೀಕ್ಷೆ ಇದ್ದದ್ದು ನೆನಪೇ ಇರಲಿಲ್ಲ ಎಂದ. ಬೇಕೆಂದು ಮಾಡಿದ್ದರೆ ನಾನು ಅವನನ್ನು ಎಂದಾದರೂ ಕ್ಷಮಿಸುತ್ತಿದ್ದೆನೇನೋ. ಬೀಗ ಜಗ್ಗಿ ನೋಡುವುದು ನೆನಪಿತ್ತು, ಎರಡೆರಡು ಸಲ. ನಾನು ನೆನಪಿರಲಿಲ್ಲ. ಅವ್ವನನ್ನು ಅವನು ಕೇಳಿದ್ದು ಒಂದೇ, ಯಾರು ಯಾರು ನೋಡಿದರು ಎಂದು. ಮರುದಿನವೇ ಗೌಂಡಿ ಬಂದು ಕಲ್ಲು ಸಿಮೆಂಟಿನಲ್ಲಿ ಆ ಜಾಗ ಮುಚ್ಚಿದ. ಈ ಸಲವೂ ಬುಟ್ಟಿ ಹೊತ್ತವಳು ಅವ್ವನೇ, ಅಪ್ಪ ಮುಂದೆ ನಿಂತು ಹೊರಿಸಿದ. ಉಳಿದ ಪರೀಕ್ಷೆಗಳಿಗೆ ನನ್ನನ್ನು ತಡೆಯಲಿಲ್ಲ. ಊರು ನೋಡುತ್ತಿತ್ತಲ್ಲ. ಅವ್ವನ ಜೊತೆ ಒಂದು ವರ್ಷ ಮಾತು ಬಿಟ್ಟ. ನಿಮ್ಮವ್ವಗ ಹೇಳು ಎಂದು ನನ್ನ ಬಾಯಿಂದ ಹೇಳಿಸುತ್ತಿದ್ದ, ಅವಳು ಎದುರಿಗೇ ನಿಂತಿದ್ದರೂ. ನೆಂಟರ ಮುಂದೆ ಅವಳಿಗೆ ಕನ್ನ ಹಾಕಿದಾಕಿ ಎಂದು ಹೆಸರಿಟ್ಟ. ಅವರೆಲ್ಲ ನಕ್ಕರು. ದೇಶನೂರಿನವರಿಗೆ ಸುದ್ದಿ ಮುಟ್ಟಿ, ಅಂಥ ತಾಯಿಯ ಮಗಳು ಬೇಡ ಎಂದರಂತೆ. ನಾನು ಪಾಸಾದೆ. ಬೇರೆ ಗಂಡು ಸಿಗುವವರೆಗೆ ಓದಲಿ ಎಂದು ಅಪ್ಪ ಬಳ್ಳಾರಿಗೆ ಟಿ.ಸಿ.ಎಚ್., ಅಂದರೆ ಟೀಚರ್ ತರಬೇತಿ, ಓದಲು ಕಳಿಸಿದ.

ಬಾದನಹಟ್ಟಿ ಶಾಲೆಗೆ ನನಗೆ ಕೆಲಸದ ಆರ್ಡರು ಬಂದ ದಿನ ಮನೆ ತುಂಬ ಜನ. ಅದೇ ಕಟ್ಟೆಯ ಗಂಡಸರು, ಕಮ್ಮಾರ ಈರಣ್ಣ, ನೆಂಟರು. ಅವ್ವ ಮಂಡಾಳು ಒಗ್ಗರಣಿ, ಮಿರ್ಚಿ ಭಜಿ ಮಾಡಿ ಎಲ್ಲರಿಗೂ ಹಂಚುತ್ತಿದ್ದಳು. ಅಪ್ಪ ಪಡಸಾಲೆಯ ನಡುವೆ ಕೂತು, ತೊಡೆ ತಟ್ಟಿ ಹೇಳಿದ:

“ಊರು ಏನರ ಅನ್ಲಿ, ಹೆಣ್ಣು ಹುಡುಗಿ ಓದಬೇಕು ಅಂತ ಹಟ ಹಿಡದು ಓದಿಸಿದಾಂವ ನಾನು.”

ಎಲ್ಲರೂ ತಲೆಯಾಡಿಸಿದರು. ಈರಣ್ಣನೂ ಆಡಿಸಿದ. ಅವ್ವ ಕೈಯಲ್ಲಿ ತಾಟು ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನನಗೆ ಆಗ ಇಪ್ಪತ್ತು ತುಂಬಿತ್ತು, ಕೈಯಲ್ಲಿ ಸರಕಾರಿ ಆರ್ಡರು ಇತ್ತು, ಆ ಮನೆಯಲ್ಲಿ ಇನ್ನು ನನ್ನನ್ನು ಯಾರೂ ಏನೂ ಮಾಡುವಂತಿರಲಿಲ್ಲ. ಅವ್ವ ಕಾದಳು. ನಾನು ತಾಟಿಗೆ ಮುಖ ಬಗ್ಗಿಸಿ ಮಿರ್ಚಿ ಮುರಿದೆ. ಸ್ವಲ್ಪ ಹೊತ್ತು ನೋಡಿ, ಅವಳು ಬಂದು ನನ್ನ ತಾಟಿಗೆ ಇನ್ನೊಂದು ಹಿಡಿ ಒಗ್ಗರಣಿ ಹಾಕಿ, ಉಣ್ಣು ಎಂದು ಹೇಳಿ ಒಳಗೆ ಹೋದಳು. ಅಪ್ಪನ ಮೇಲಿನ ಸಿಟ್ಟನ್ನು ಇಷ್ಟು ಪುಟ ಬರೆದೆ, ಅದು ಸುಲಭ. ಅಂದು ಅಷ್ಟು ಜನರ ಮುಂದೆ, ನನ್ನನ್ನು ಓದಿಸಿದವಳು ನಮ್ಮವ್ವ ಎಂಬ ಒಂದು ಮಾತು ಸಾಕಿತ್ತು. ಬಾಯಲ್ಲಿ ಮಿರ್ಚಿ ಇತ್ತು. ನುಂಗಿದೆ, ಹೇಳಲಿಲ್ಲ.